ನಡುಹೊಳೆಯಲ್ಲಿ ಮುಗ್ಗರಿಸುತ್ತಿದ್ದ ಮೋಟಾರು

2008ರಲ್ಲಿ ನಾನು ದೋಣಿ ಮೋಟಾರು ಮಾರುವ ಒಂದು ಕಂಪನಿಯ ಸರ್ವೀಸ್ ಎಂಜಿನಿಯರ್ ಆಗಿ ಚಿಕ್ಕೋಡಿಯಲ್ಲಿದ್ದೆ. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಊರುಗಳೆಲ್ಲ ನನ್ನ ಪಾಲಿಗೆ ಬಂದಿದ್ದವು. ನಾನು ಮೊದಲಿನಿಂದಲೂ ಸಂಶಯದ ಪ್ರಾಣಿ. ಯಾರಾದರೂ ‘ಏನೂ ಆಗಿಲ್ಲರಿ, ತನ್ನಷ್ಟಕ್ಕೆ ತಾನೇ ಕೆಟ್ಟೈತಿ’ ಎಂದರೆ ನನ್ನ ಹುಬ್ಬು ಮೇಲೇರುತ್ತಿತ್ತು. ತನ್ನಷ್ಟಕ್ಕೆ ತಾನೇ ಹಾಲು ಸಹ ಕೆಡುವುದಿಲ್ಲ!

ದಸರೆ ಮುಗಿದು ದೀಪಾವಳಿ ಇನ್ನೂ ಬಂದಿರಲಿಲ್ಲ. ಕಾಗವಾಡದ ಕಡೆಯ ಒಂದು ಊರಿನಿಂದ ಫೋನು ಬಂತು. ಅಲ್ಲಿ ಊರವರೇ ಕಮಿಟಿ ಮಾಡಿಕೊಂಡು, ಹಳೆಯ ಎರಡು ಸಿಲಿಂಡರಿನ ಔಟ್‌ಬೋರ್ಡ್ ಮೋಟಾರು ಕೂಡಿಸಿದ ಬೋಟಿನಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದರು. ಔಟ್‌ಬೋರ್ಡ್ ಎಂದರೆ ಬೋಟಿನ ಹಿಂಬದಿಗೆ ಹೊರಗಡೆ ತೂಗುಹಾಕುವ ಎಂಜಿನ್. ಮೆಲ್ಲಗೆ ಓಡಿಸಿದರೆ ಏನೂ ತಕರಾರಿಲ್ಲ. ಸೆಳವು ಜೋರಿರುವ ನಡುಹೊಳೆಯಲ್ಲಿ ವೇಗ ಏರಿಸಿದರೆ ಮಾತ್ರ ಫಟ್ ಫಟ್ ಎಂದು ಮುಗ್ಗರಿಸುತ್ತಿತ್ತು. ನಮ್ಮ ಕಡೆ ಇದಕ್ಕೆ ‘ಮಿಸ್ಸಿಂಗ್ ಹೊಡಿಯೂದು’ ಎನ್ನುತ್ತಾರೆ.

ನಾನು ಬೋಟು ಹತ್ತುವ ಘಾಟಿಗೆ ಹೋದಾಗ ರಿಪೇರಿಗಿಂತ ಪಂಚಾಯಿತಿಯೇ ಜೋರಾಗಿ ನಡೆದಿತ್ತು. ಕಮಿಟಿಯ ಮುಖ್ಯಸ್ಥ ಸಿದಗೌಡರು ಕಟ್ಟೆಯ ಮೇಲೆ ಕೂತಿದ್ದರು. ಬೋಟು ನಡೆಸುವ ಅಂಬಿಗರ ಮಾರುತಿ ಹಗ್ಗ ಹಿಡಿದು ನೀರಿನಲ್ಲೇ ನಿಂತಿದ್ದ. ಸುತ್ತ ದಾಟಲು ಬಂದ ಜನ.

“ಇಂವ ಪೆಟ್ರೋಲ್ ಮಾರ್ಕೊಂಡು ಚಿಮಣಿ ಎಣ್ಣಿ ಕೂಡಿಸ್ಯಾನ್ರಿ,” ಎಂದರು ಗೌಡರು. “ಖೋಡಿ ಇಂವಂದ ಅಂತ ನೀವು ಒಂದ್ ಮಾತು ಹೇಳ್ರಿ ಸಾಹೇಬ್ರ. ಇವತ್ತ ಇಂವನ್ನ ಇಳಿಸಿ ಬ್ಯಾರೇದಾಂವನ್ನ ಹಚ್ಚತೀನಿ.”

ಮಾರುತಿ ತಲೆ ತಗ್ಗಿಸಿ ಹಗ್ಗವನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡ. ತಪ್ಪು ಮಾಡಿದ್ದಕ್ಕೋ, ಅವಮಾನಕ್ಕೋ ನನಗೆ ತಿಳಿಯಲಿಲ್ಲ. ಸುಳ್ಳೇಕೆ ಹೇಳಲಿ, ನಾನೂ ಅವನನ್ನು ಓರೆಗಣ್ಣಿನಿಂದಲೇ ನೋಡಿದೆ. ಮೋಟಾರು ಬರುವ ಮುನ್ನ ಇದೇ ಘಾಟಿನಲ್ಲಿ ಅವನ ಸ್ವಂತ ಹುಟ್ಟಿನ ದೋಣಿ ಓಡುತ್ತಿತ್ತಂತೆ. ಮೋಟಾರು ಕೆಟ್ಟರೆ ಲಾಭ ಯಾರಿಗೆ?

ಯಾರ ಮಾತನ್ನೂ ನಂಬದೆ ಕೆಲಸಕ್ಕೆ ಕೂತೆ. ಅವರ ಟ್ಯಾಂಕು ಬಿಚ್ಚಿ ಪಕ್ಕಕ್ಕಿಟ್ಟು, ಚಿಕ್ಕೋಡಿಯಿಂದ ನಾನೇ ಪೆಟ್ರೋಲು ತುಂಬಿಸಿ ತಂದಿದ್ದ ಟ್ಯಾಂಕನ್ನು ಪೈಪಿಗೆ ಜೋಡಿಸಿದೆ. ಬೋಟನ್ನು ಘಾಟಿನ ಕಲ್ಲಿಗೆ ಬಿಗಿದು, ಗೇರು ಹಾಕಿ ವೇಗ ಏರಿಸಿದೆ. ಫಟ್ ಫಟ್! ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಸುಕಿ ಪೆಟ್ರೋಲು ನೂಕಿದರೂ ಅದೇ ರಾಗ. ಪೆಟ್ರೋಲು ಸಾಲದೆ ಮುಗ್ಗರಿಸುತ್ತಿದ್ದರೆ ಹಿಸುಕಿದ ಕೂಡಲೇ ಸುಧಾರಿಸಬೇಕಿತ್ತು. ಅಲ್ಲಿಗೆ ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಮಾತು ಬಿದ್ದುಹೋಯಿತು.

“ಹಂಗಾರ ಒಳಗ ಏನರ ಕಿತಾಪತಿ ಮಾಡಿರಬೇಕ,” ಎಂದರು ಗೌಡರು. ಮನುಷ್ಯ ಪಟ್ಟು ಬಿಡುವ ಪೈಕಿ ಅಲ್ಲ.

ಹೊಸ ಸ್ಪಾರ್ಕ್ ಪ್ಲಗ್ ಹಾಕಿದೆ; ಗುಣವಾಗಲಿಲ್ಲ. ಆಮೇಲೆ ಟೈಮಿಂಗ್ ಲೈಟ್ ತೆಗೆದೆ. ಪ್ಲಗ್ಗಿಗೆ ಹೋಗುವ ವಾಯರಿಗೆ ಇದನ್ನು ಸಿಕ್ಕಿಸಿದರೆ ಒಂದೊಂದು ಕಿಡಿಗೂ ಒಂದೊಂದು ಸಲ ಮಿಂಚುತ್ತದೆ. ಕೆಳಗಿನ ಸಿಲಿಂಡರಿನಲ್ಲಿ ಮಿಂಚು ತಪ್ಪಲಿಲ್ಲ. ಮೇಲಿನದರಲ್ಲಿ, ವೇಗ ಏರಿದೊಡನೆ, ಬಿಟ್ಟು ಬಿಟ್ಟು ಮಿಂಚಿತು. ಕಿಡಿ ಹುಟ್ಟಿಸುವ ಎರಡೂ ಕಾಯಿಲ್‌ಗಳನ್ನು ಅದಲು ಬದಲು ಮಾಡಿದರೂ ಮೇಲಿನದೇ ಹಟ. ಅಂದರೆ ಕಿಡಿಯ ಅಪ್ಪಣೆ ಕಾಯಿಲ್ ಮುಟ್ಟುವ ಮೊದಲೇ ಎಲ್ಲೋ ಸೋರಿಹೋಗುತ್ತಿತ್ತು.

“ಇದನ್ನ ಇತ್ತೀಚಿಗೆ ಯಾರ್ ಬಿಚ್ಚಿದ್ರು?” ಎಂದು ಕೇಳಿದೆ.

“ಯಾರೂ ಮುಟ್ಟಿಲ್ಲರಿ,” ಎಂದರು ಗೌಡರು, ಮಾರುತಿ, ಸುತ್ತಲಿನ ಜನ, ಎಲ್ಲರೂ. ಇಷ್ಟೊಂದು ಬಾಯಿ ಒಂದೇ ಮಾತು ಆಡಿದರೆ ನನಗೆ ನಂಬಿಕೆ ಇನ್ನೂ ಕಡಿಮೆಯಾಗುತ್ತದೆ.

ಎಂಜಿನ್ ನಿಲ್ಲಿಸಿ, ಮೇಲಿನ ಮುಚ್ಚಳ ತೆಗೆದು, ವೇಗದ ಹಿಡಿಯನ್ನು ಕೈಯಿಂದಲೇ ಮೆಲ್ಲಗೆ ತಿರುವಿದೆ. ಹಳೆಯ ಮೋಟಾರುಗಳಲ್ಲಿ ವೇಗ ಏರಿದಂತೆ ಕಿಡಿಯ ಸಮಯ ಬದಲಿಸುವ ತಟ್ಟೆಯೊಂದು ತಿರುಗುತ್ತದೆ, ಅದರೊಂದಿಗೆ ವಾಯರುಗಳೂ ಸರಿಯುತ್ತವೆ. ಬಿಸಿಲಿಗೆ ಮೈ ತಿರುಗಿಸಿ ಬಗ್ಗಿ ನೋಡಿದೆ. ವಯಸ್ಸಾಗಿ ಸಿಪ್ಪೆ ಬಿರಿದ ವಾಯರು ಸರಿದು ಬಂದು, ಗ್ರೀಸು ಮೆತ್ತಿದ ಒಂದು ಕರಿ ಗಂಟಿಗೆ ತಾಗುತ್ತಿತ್ತು. ಆ ಗಂಟು ಯಾವ ಕಂಪನಿಯ ಸಾಮಾನೂ ಅಲ್ಲ. ಒರೆಸಿದೆ. ತಾಮ್ರದ ತಾಯತ! ನೀರಿಗೆ ದಾರ ಕೊಳೆತೀತೆಂದು ತಾಮ್ರದ ತಂತಿಯಿಂದಲೇ ಕಬ್ಬಿಣಕ್ಕೆ ಬಿಗಿದಿದ್ದರು. ಕಿಡಿಯ ಅಪ್ಪಣೆ ಆ ದಾರಿ ಹಿಡಿದು ಕಬ್ಬಿಣಕ್ಕಿಳಿದು ಅರ್ಥ್ ಆಗುತ್ತಿತ್ತು.

ತೆಗೆದು ಓಡಿಸಿದೆ, ಮೋಟಾರು ಸುರಳೀತ ಓಡಿತು. ಅದೇ ಜಾಗದಲ್ಲಿಟ್ಟು ಓಡಿಸಿದೆ, ಮುಗ್ಗರಿಸಿತು. ಖಾತ್ರಿಯಾಯಿತು. ತಾಯತವನ್ನು ಮತ್ತೆ ಬಿಚ್ಚಿ ಕೈಯಲ್ಲಿ ಹಿಡಿದು, ಬಿರಿದ ವಾಯರಿಗೆ ಟೇಪು ಸುತ್ತಿದೆ.

“ಯಾರ್ ಕಟ್ಟಿದ್ದು ಇದನ್ನ?” ಎನ್ನುತ್ತ ಮಾರುತಿಯ ಕಡೆಗೇ ತಿರುಗಿದೆ.

“ನಾ ಅಲ್ರಿ. ನನ್ನ ಮಕ್ಕಳ ಆಣಿ.”

ಗೌಡರು ಕಟ್ಟೆಯಿಂದ ಇಳಿದು ಬಂದು ನನ್ನ ಭುಜದ ಹತ್ತಿರ ಬಗ್ಗಿದರು. “ಖಂಡೇ ಪೂಜಿ ದಿನ ನಾನ ಕಟ್ಟಿದ್ದೆರಿ,” ಎಂದರು ಪಿಸುಮಾತಿನಲ್ಲಿ. “ಹಳೇ ಮಶೀನು, ದಿಟ್ಟಿ ತಾಗಬಾರದಂತ. ವಾಯರ್ ಹಳೇದಾಗಿತ್ತಂತ ಹೇಳಿ ಬಿಡ್ರಲಾ. ತಾಯತದ ಮಾತು ಬ್ಯಾಡ.”

ಅವರು ಸುಳ್ಳು ಹೇಳಿರಲಿಲ್ಲ. ಆಯುಧಪೂಜೆ ಮಾಡಿದ್ದನ್ನು ನಮ್ಮಲ್ಲಿ ಯಾರೂ ‘ಮುಟ್ಟಿದ್ದು’ ಎಂದು ಲೆಕ್ಕ ಹಿಡಿಯುವುದಿಲ್ಲ. ಆದರೆ ಆ ಪಿಸುಮಾತು ಕೇಳಿ ನನ್ನ ಮೈಯೆಲ್ಲ ಉರಿಯಿತು. ಮೋಟಾರು ನೆಟ್ಟಗಾಗಿತ್ತು, ಮಾರುತಿ ಮಾತ್ರ ಇನ್ನೂ ಕಳ್ಳನಾಗಿಯೇ ನೀರಿನಲ್ಲಿ ನಿಂತಿದ್ದ.

“ಗೌಡ್ರ, ಕದ್ದಾನಂತ ಎಲ್ಲಾರ ಮುಂದ ಅಂದ್ರಿ,” ಎಂದೆ. “ಕದ್ದಿಲ್ಲಂತ ನನ್ನ ಕಿವ್ಯಾಗ ಹೇಳತೀರೇನು?”

ಅವರ ಮುಖ ಕಪ್ಪಿಟ್ಟಿತು. ಬೈದು ಕಳಿಸುತ್ತಾರೆ ಎಂದುಕೊಂಡೆ. ಆದರೆ ಗೌಡರು ತಾಯತವನ್ನು ನನ್ನ ಕೈಯಿಂದ ಇಸಿದುಕೊಂಡು ಜನರಿಗೆ ಕಾಣುವ ಹಾಗೆ ಎತ್ತಿ ಹಿಡಿದರು.

“ಇದನ್ನ ಕಟ್ಟಿದಾಂವ ನಾನು. ಮೋಟಾರ್ ಕೆಟ್ಟಿದ್ದು ಇದರಿಂದ. ಮಾರುತೀದು ಏನೂ ತಪ್ಪಿಲ್ಲ.”

ಯಾರೂ ನಗಲಿಲ್ಲ. ಮಾರುತಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, “ಹತ್ರಿ, ಹೊತ್ತಾಗೇತಿ,” ಎಂದು ಜನರನ್ನು ಕರೆದ.

ಅಲ್ಲಿಯವರೆಗೆ ನಾನು ದೋಷ ಸಿಕ್ಕರೆ ಕೆಲಸ ಮುಗಿಯಿತು ಎಂದು ತಿಳಿದವನು. ಸಂಶಯ ಪಡುವುದನ್ನು ನಿವೃತ್ತಿಯಾಗುವವರೆಗೂ ಬಿಡಲಿಲ್ಲ, ಅದು ನನ್ನ ಅನ್ನ. ಆದರೆ ಯಂತ್ರ ಕೆಟ್ಟಾಗ ಯಾವನ ಹೆಸರು ಕೆಟ್ಟಿತ್ತೋ, ಅವನ ಹೆಸರನ್ನು ಅದೇ ಜನರೆದುರು ರಿಪೇರಿ ಮಾಡುವವರೆಗೆ ನನ್ನ ಪಾನಾ-ಸ್ಕ್ರೂಡ್ರೈವರ್ ಪೆಟ್ಟಿಗೆಯ ಮುಚ್ಚಳ ಹಾಕಿದವನಲ್ಲ.