ಮೊಳೆ ಹೊಡೆಯಬಾರದ ಮನೆ

“ಏನಾದ್ರೂ ಬಿಟ್ಟು ಹೋಗಿದ್ರಾ ಆಂಟಿ?”

ಕಳೆದ ಭಾನುವಾರ ಪೀಣ್ಯದ ನಮ್ಮ ಹಳೇ ಮನೆಯ ಗೇಟಿನಲ್ಲಿ ಅಮ್ಮನಿಗೆ ಎದುರಾದ ಪ್ರಶ್ನೆ ಇದು. ಕೇಳಿದವನು ಕಿರಣ್, ಓನರ್ ಮಗ. ಕೆಳಗೆ ಸಾಲಾಗಿ ಬಾಡಿಗೆ ಮನೆಗಳು, ಮೇಲೆ ಓನರ್ ಮನೆ. ಕೆಳಗಿನ ಕೊನೇ ಮನೆಯಲ್ಲೇ ನಾನು ಹುಟ್ಟಿ, ಬೆಳೆದು, ಕಾಲೇಜು ಮುಗಿಸಿದ್ದು. ಮಾರನೇ ದಿನ ಜೆಸಿಬಿ ಬರುತ್ತೆ, ಎಲ್ಲ ಕೆಡವಿ ಪಿಜಿ ಕಟ್ಟಿಸ್ತಾರೆ ಅಂತ ಗೊತ್ತಾಗಿ, “ಒಂದ್ಸಲ ನೋಡ್ಕೊಂಡು ಬರೋಣ ಕಣೇ” ಅಂತ ಅಮ್ಮ ಹಟ ಹಿಡಿದಿದ್ದಳು.

“ಏನೂ ಬಿಟ್ಟಿಲ್ಲಪ್ಪ. ಸುಮ್ನೆ ಮನೆ ನೋಡೋಣ ಅಂತ.”

“ನೋಡೋಕೆ ಏನಿದೆ ಆಂಟಿ? ನೀವು ಬಾಡಿಗೆಗೆ ಇದ್ರಿ, ಅಷ್ಟೇ ಅಲ್ವಾ?”

ಅಷ್ಟೇ ಅಲ್ವಾ!

ಹಾಗಂದವನು ಒಳಗೆ ಬಂದು ಮಾಡಿದ್ದೇನು? ನಮ್ಮ ಅಡುಗೆಮನೆ ಮುಂದೆ ನಿಂತು, ಫೋನ್ ಎತ್ತಿ ಹಿಡಿದು, ರೀಲ್ ಶುರುಮಾಡಿದ. “ಫ್ರೆಂಡ್ಸ್, ಇದು ನನ್ನ ಬಾಲ್ಯದ ಮನೆ. ನಾಳೆಯಿಂದ ಇರಲ್ಲ. ಸಕ್ಕತ್ ಎಮೋಷನಲ್ ಆಗ್ತಿದೆ.”

ಸ್ವಾಮೀ, ಆ ಮನೆಯಲ್ಲಿ ಅವನು ಒಂದು ರಾತ್ರಿಯೂ ಮಲಗಿದವನಲ್ಲ! ಅವರ ಬಚ್ಚಲಿನ ನೀರು ನಮ್ಮ ಯಾವ ಗೋಡೆಯಲ್ಲಿ ಇಳಿಯುತ್ತಿತ್ತು ಅಂತ ಅವನಿಗೆ ಗೊತ್ತಾ? ಆ ತೇವದ ಗುರುತು ಥೇಟ್ ಆನೆಯ ಹಾಗಿತ್ತು, ಬೇಸಿಗೆ ಬಂದರೆ ಸೊಂಡಿಲು ಒಣಗಿ ಮಾಯವಾಗುತ್ತಿತ್ತು ಅಂತ ಗೊತ್ತಾ?

ಎದುರು ಪಕ್ಷದವರ ವಾದ ನಾನೇ ಹೇಳಿಬಿಡುತ್ತೇನೆ (ಡಿಬೇಟಿನಿಂದ ಅಂಟಿದ ಚಟ). ಮನೆ ಅವರದು, ಖಾತಾ ಅವರ ಹೆಸರಲ್ಲಿದೆ, ಕೆಡವುತ್ತಾರೆ. ಒಪ್ಪಿದೆ. ಗೋಡೆ ಅವರದೇ. ಆನೆ ಯಾರದು? ಮನೆಯ ಮೇಲಿನ ಪ್ರೀತಿಗೂ ಖಾತಾ ಬೇಕಾ? ಬಾಲ್ಯದ ಮನೆ ಅಂದರೆ ಸಾಕು, ಎಲ್ಲರೂ ತೊಟ್ಟಿ, ಕಂಬ, ಹಿತ್ತಲು ಅಂತ ಶುರುಮಾಡುತ್ತಾರೆ. ನಮಗೆ ಹಿತ್ತಲಿರಲಿಲ್ಲ. ಹಾಗಂತ ಬಾಲ್ಯವೂ ಇರಲಿಲ್ವಾ?

ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆಲ್ಲ ಬಾಯಿಪಾಠವಾಗಿರುವ ಕಾನೂನು ಒಂದಿದೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕಿರಣನ ಅಮ್ಮ ಆಗಾಗ ಕೆಳಗಿಳಿದು ಬಂದು, ಗೋಡೆಗಳ ಮೇಲೆಲ್ಲ ಕಣ್ಣಾಡಿಸಿ, “ಮೊಳೆ ಗಿಳೆ ಹೊಡ್ದು ಮನೆ ಹಾಳು ಮಾಡ್ಬೇಡಿ ಕಣ್ರೀ” ಅಂತ ಹೇಳಿ ಹೋಗುತ್ತಿದ್ದರು. ಹಾಗಾಗಿ ನಮ್ಮ ದೇವರುಗಳು ಶೆಲ್ಫಿನಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದರು. ಕ್ಯಾಲೆಂಡರ್ ಕಿಟಕಿ ಸರಳಿಗೆ ನೇತಾಡುತ್ತಿತ್ತು. ಅಪ್ಪ ಅಲ್ಲೇ ಪೀಣ್ಯದ ಫ್ಯಾಕ್ಟರಿಯಲ್ಲಿ ಡ್ರಿಲ್ಲಿಂಗ್ ಮಷೀನ್ ಆಪರೇಟರ್. ದಿನವಿಡೀ ಕಬ್ಬಿಣಕ್ಕೆ ತೂತು ಕೊರೆದು ಬರುತ್ತಿದ್ದ ಮನುಷ್ಯನಿಗೆ ತನ್ನ ಮನೆ ಗೋಡೆಗೆ ಒಂದು ತೂತು ಮಾಡುವ ಹಕ್ಕಿರಲಿಲ್ಲ!

ಸ್ಕೂಲ್ ಡಿಬೇಟಿನಲ್ಲಿ ನಾನು ಮೊದಲ ಮೆಡಲ್ ಗೆದ್ದು ತಂದಾಗ ಅಮ್ಮನಿಗೆ ತಡೆಯಲಾಗಲಿಲ್ಲ. ಮೇಲಿನವರು ಯಾವುದೋ ಮದುವೆಗೆ ಹೋದದ್ದೇ ತಡ, ಕುಟ್ಟಾಣಿ ಹಿಡಿದು ಬಾಗಿಲ ಹಿಂದಿನ ಗೋಡೆಗೆ ಒಂದೇ ಒಂದು ಮೊಳೆ ಹೊಡೆದಳು. ಮೆಡಲ್ ತೂಗುಹಾಕಿದಳು. ಅದರ ಮೇಲೊಂದು ಟವೆಲ್ ಮುಚ್ಚಿದಳು. (ಗೆದ್ದ ಮೆಡಲನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡವರು ನಾವೇ ಇರಬೇಕು.) ಮನೆ ಖಾಲಿ ಮಾಡುವಾಗ ಎಷ್ಟು ಎಳೆದರೂ ಆ ಮೊಳೆ ಬರಲಿಲ್ಲ.

ಭಾನುವಾರ ಕಿರಣನ ಕ್ಯಾಮೆರಾ ಬಾಗಿಲ ಹಿಂದಕ್ಕೂ ಹೋಯಿತು.

“ಅಯ್ಯೋ, ಮೊಳೆ! ಅಮ್ಮಂಗೆ ಗೊತ್ತಾಗಿದ್ರೆ ಅಷ್ಟೇ ಕಥೆ. ನೀವಾ ಆಂಟಿ ಹೊಡ್ದಿದ್ದು?” ನಗುತ್ತಲೇ ಕೇಳಿದ.

ಅಮ್ಮ ತಟ್ಟನೆ ತಲೆಯಾಡಿಸಿದಳು. “ಇಲ್ಲಪ್ಪ, ನಾವಲ್ಲ. ನಾವು ಹೋದ್ಮೇಲೆ ಬಂದೋರು ಇರ್ಬೇಕು.”

ನನಗೆ ಮೈಯೆಲ್ಲ ಉರಿದುಹೋಯಿತು. “ನಾವೇ ಕಣೋ ಹೊಡ್ದಿದ್ದು! ಏನೀಗ?”

“ಸುಮ್ನಿರೇ!” ಅಮ್ಮ ನನ್ನ ಕೈ ಚಿವುಟಿದಳು.

“ತಮಾಷೆ ಮಾಡ್ದೆ ಕಣೇ ಮಾರಾಯ್ತಿ. ಇನ್ನೂ ಡಿಬೇಟ್ ಬಿಟ್ಟಿಲ್ವಾ ನೀನು?”

ತಮಾಷೆಯಂತೆ! ಅವನಿಗೆ ರೀಲಿನ ಸರಕು. ಅಮ್ಮನಿಗೆ, ಸ್ವಂತ ಫ್ಲ್ಯಾಟಿಗೆ ಹೋಗಿ ವರ್ಷಗಳಾದರೂ ಹೋಗದ ಭಯ.

ಆ ಮನೆಯನ್ನು ಅವಳು ಅಷ್ಟು ವರ್ಷ ಗುಡಿಸಿದ್ದಾಳೆ, ಸಾರಿಸಿದ್ದಾಳೆ, ದಿನಾ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟಿದ್ದಾಳೆ. ಅದ್ಯಾವುದೂ ಅವಳ ನೆನಪಿಗೆ ಬರಲಿಲ್ಲ. ಗೇಟು ದಾಟಿ ಬಸ್‌ಸ್ಟಾಪಿಗೆ ಬಂದವಳು, ಮೆಲ್ಲಗೆ ಕೇಳಿದಳು: “ಅವರಮ್ಮಂಗೆ ಹೇಳ್ಬಿಡ್ತಾನೇನೇ?”

ಬೆಳಗಾದರೆ ಆ ಗೋಡೆಯೇ ಇರುವುದಿಲ್ಲ, ಅಮ್ಮನಿಗೆ ಒಂದು ಮೊಳೆಯ ಚಿಂತೆ. ಈಗ ತೀರ್ಪು ನೀವೇ ಕೊಡಿ: ಮನೆ ಹಾಳು ಮಾಡಿದವರು ಯಾರು?