ಹೊಳೆಯ ನಡುವೆ ನಮ್ಮ ರಾಜ್ಯ

ನಾನು ಲಗ್ನವಾಗಿ ಹೊಳೆಆಲೂರಿನ ಹತ್ತಿರದ ಆ ಊರಿಗೆ ಬಂದ ವರ್ಷ ಮಲಪ್ರಭೆಗೆ ದೊಡ್ಡ ಮಹಾಪೂರ ಬಂತು. ನೀರು ಇಳಿದ ಮೇಲೆ ನೋಡಿದರೆ ಹೊಳೆಯ ನಟ್ಟನಡುವೆ ಹೊಸದೊಂದು ನಡುಗಡ್ಡೆ ಎದ್ದಿತ್ತು. ಉಸುಕಿನ ಮೇಲೆ ಮೊಳದಷ್ಟು ದಪ್ಪ ಕರಿ ಮಣ್ಣು. ಅದನ್ನು ಮೊದಲು ಕಂಡವಳು ನನ್ನ ಅತ್ತೆ. ಇಪ್ಪತ್ತು ವರ್ಷ ಮಂದಿಯ ಹೊಲದಲ್ಲಿ ಕಸ ತೆಗೆದವಳು. ನೀರಲ್ಲಿ ನಡೆದುಹೋಗಿ ಒಂದು ಹಿಡಿ ಮಣ್ಣು ತಂದು, ಮೂಸಿ ನೋಡಿ, "ಇದರಾಗ ಕಲ್ಲಂಗಡಿ ಭಾಳ ಚಲೋ ಬರತಾವ" ಎಂದಳು.

ಆದರೆ ಕೇಳದೆ ಬಿತ್ತುವ ಹೆಂಗಸಲ್ಲ ಅವಳು. ಹೊಳೆಯ ಈಚೆಗೆ ರೋಣ ತಾಲೂಕು, ಆಚೆಗೆ ಬಾದಾಮಿ ತಾಲೂಕು. ಊರ ಜಮೀನಿನ ಲೆಕ್ಕ ಬರೆಯುವ ಈಚೆಯ ತಲಾಠಿ ನಕಾಶೆ ಬಿಚ್ಚಿ ನೋಡಿ, "ಇಂಥಾ ಗಡ್ಡಿ ನನ್ನ ಹದ್ದಿನಾಗ ಇಲ್ಲವಾ, ಆಚೀ ಕಡೆ ಕೇಳು" ಎಂದರು. ಆಚೆಯ ತಲಾಠಿಯೂ ಅದನ್ನೇ ಹೇಳಿ ಈಚೆ ಕಳಿಸಿದರು. ಅತ್ತೆ ಎರಡು ಸಲ ಹೊಳೆ ದಾಟಿ ಬಂದಳು. ಮರುದಿನ ನಮ್ಮ ಓಣಿಯ ಕೂಲಿ ಹೆಂಗಸರನ್ನು ಕರೆದಳು. ನನ್ನನ್ನೂ ಸೇರಿಸಿ ಆರು ಮಂದಿ, ಆರು ಪಾಲು ಮಾಡಿಕೊಂಡು ಗುಣಿ ತೋಡಿ, ತಿಪ್ಪೆಗೊಬ್ಬರ ಹೊತ್ತು ಹಾಕಿ, ಬೀಜ ಊರಿದೆವು. ಬಳ್ಳಿಗೆ ಕೊಡದಿಂದ ನೀರು ಹಾಕಿದೆವು.

ಬಳ್ಳಿ ಹೂ ಬಿಟ್ಟ ವಾರ ತಲಾಠಿಗಳಿಬ್ಬರೂ ಒಂದೇ ದಿನ ಬಂದರು. ಇದು ರೋಣದ್ದು ಎಂದು ಒಬ್ಬರು, ಬಾದಾಮಿಯದು ಎಂದು ಇನ್ನೊಬ್ಬರು. ಅತ್ತೆ ಸೊಂಟದ ಮೇಲಿನ ಕೊಡ ಇಳಿಸಲೂ ಇಲ್ಲ.

"ಉಸುಕಿದ್ದಾಗ ಇಬ್ಬರಿಗೂ ಬ್ಯಾಡಾಗಿತ್ತು. ಈಗ ಹೂ ಕಂಡು ಇಬ್ಬರಿಗೂ ಬೇಕಾತೇನ್ರಿ? ನಿಮ್ಮ ನಕಾಶದಾಗ ಇಲ್ಲಂದ್ರ ಇದು ಬ್ಯಾರೆ ರಾಜ್ಯ. ನಮ್ಮ ರಾಜ್ಯ. ಇನ್ನ ಮ್ಯಾಲ ಕೇಳಿ ಒಳಗ ಬರ್ರಿ."

ಸಿಟ್ಟಿನಲ್ಲಿ ಆಡಿದ ಮಾತು. ಆದರೆ ಅವರು ಹೋದ ಮೇಲೆ ರೊಟ್ಟಿ ಬಿಚ್ಚಿ ಕೂತಾಗ ನೆರೆಮನೆಯಾಕೆ ಕೇಳಿದಳು: "ರಾಜ್ಯ ಅಂದಮ್ಯಾಲ ಕಾಯ್ದೆ ಬ್ಯಾಡೇನು?"

ನನ್ನ ತವರು ಗಜೇಂದ್ರಗಡ. ಅಪ್ಪ ನೇಕಾರ, ನನ್ನನ್ನು ನಾಲ್ಕನೆಯ ಇಯತ್ತೆವರೆಗೆ ಸಾಲಿಗೆ ಕಳಿಸಿದ್ದ. ಹಾಗಾಗಿ ಬರೆಯುವ ಕೆಲಸ ನನಗೆ ಬಂತು. ವಾರಕ್ಕೊಬ್ಬರು ಅರಸಿ, ಅರಸಿಯಾದವಳು ಮೊದಲ ಕೊಡ ಹೊರಬೇಕು, ಕಡೆಗೆ ಉಣ್ಣಬೇಕು. ಗಂಡಸರು ನೀರಲ್ಲೇ ನಿಂತು ಕೇಳಿ ಬರಬೇಕು. ಇಷ್ಟು ಬರೆಯುವಾಗ ಎಲ್ಲರೂ ನಗುತ್ತಿದ್ದೆವು. ಆಮೇಲೆ ನೆರೆಮನೆಯಾಕೆ ನೆಲ ನೋಡುತ್ತ, "ಲಗ್ನ ಆದಾಗಿಂದ ನನ್ನ ಹೆಸರು ಹಿಡದು ಯಾರೂ ಕರದಿಲ್ಲ. ಇಲ್ಲಿ ಹೆಸರು ಹಿಡದ ಕರೀಬೇಕು ಅಂತ ಬರಿ" ಎಂದಳು. ಯಾರೂ ನಗಲಿಲ್ಲ. ಊರಲ್ಲಿ ನಾವೆಲ್ಲ ಇಂಥವನ ಹೆಂಡತಿ, ಇಂಥವರ ಸೊಸೆ ಅಷ್ಟೇ.

ಮರುದಿನ ಹೊಳೆಯ ಕಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಅವ್ವ ಗಜೇಂದ್ರಗಡದಿಂದ ಬಂದಳೇನೋ ಎಂದು ತಿರುಗಿ ನೋಡಿದೆ. ಕೂಗಿದ್ದು ಅತ್ತೆ. "ಹಾಂಗ ಯಾಕ ನೋಡ್ತೀ? ಕಾಯ್ದೆ ನೀನ ಬರದೀಯಲ್ಲ" ಎಂದಳು.

ಜಗಳವೂ ಆಯಿತು. ಒಬ್ಬಾಕೆಯ ಬಳ್ಳಿ ಇನ್ನೊಬ್ಬಾಕೆಯ ಪಾಲಿಗೆ ಹರಿದು ಅಲ್ಲೇ ಕಾಯಿ ಬಿಟ್ಟಿತ್ತು. ಬೇರು ನನ್ನದು ಎಂದು ಒಬ್ಬಾಕೆ, ನೆಲ ನನ್ನದು ಎಂದು ಇನ್ನೊಬ್ಬಾಕೆ, ಎರಡು ದಿನ ಮಾತು ಬಿಟ್ಟರು. ಆ ವಾರದ ಅರಸಿ ನೆರೆಮನೆಯಾಕೆ. ಕುಡಗೋಲು ತಂದವಳೇ ಹಣ್ಣು ಒಡೆದು ಆರು ಹೋಳು ಮಾಡಿ ಕೊಟ್ಟಳು. ಮುನಿಸಿಕೊಂಡಿದ್ದವರು ಮೋರೆ ತಿರುಗಿಸಿಕೊಂಡೇ ತಿಂದರು. ತಿಂದು ಮುಗಿಸುವಷ್ಟರಲ್ಲಿ ಮಾತು ಶುರುವಾಗಿತ್ತು.

ನನ್ನ ಗಂಡ ಮೊದಮೊದಲು ಈ ಕಾಯ್ದೆಗಳಿಗೆ ನಗುತ್ತಿದ್ದ. ಒಂದು ದಿನ ಮೊಳಕಾಲು ನೀರಲ್ಲಿ ನಿಂತು, ನನ್ನ ಹೆಸರು ಹಿಡಿದು, "ಒಳಗ ಬರಲ್ಯಾ?" ಎಂದು ಕೇಳಿದ. ನಾನು ಬಾ ಎನ್ನುವ ಮೊದಲೇ ಉಳಿದವರು ನಕ್ಕು ಕರೆದರು.

ತಲಾಠಿಗಳ ತಕರಾರು ರೋಣಕ್ಕೆ ಮುಟ್ಟಿ, ತಾಲೂಕಿನ ದೊಡ್ಡ ಸಾಹೇಬರಾದ ಮಾಮಲೇದಾರರು ಸ್ವತಃ ಬಂದರು. ಆ ವಾರ ಅರಸಿ ನಾನು. ಕಾಯ್ದೆ ಬರೆದ ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಮೊದಲಿಂದ ಕಡೆಯವರೆಗೆ ಓದಿದರು.

"ಸರ್ಕಾರದ ಮ್ಯಾಲ ನಿಮಗ ಸಿಟ್ಟೇನು?"

"ಸಿಟ್ಟಿಲ್ರಿ ಸಾಹೇಬ್ರ. ಕೇಳಾಕ ಹೋದ್ರ ನಮ್ಮದಲ್ಲ ಅಂದ್ರು. ಯಾರಿಗೂ ಬ್ಯಾಡಾಗಿದ್ದನ್ನ ನಾವು ಹಸನ ಮಾಡೇವ್ರಿ" ಎಂದೆ.

ಅವರು ಬಳ್ಳಿಗಳ ನಡುವೆ ಒಂದು ಸುತ್ತು ಬಂದರು. "ರಾಜ್ಯ ಅಂತ ಬರಿಯಾಕ ನನಗ ಬರೂದಿಲ್ಲವಾ. ಬೆಳದ ಪೀಕು ನಿಮ್ಮದು ಅಂತ ಬರಸ್ತೀನಿ" ಎಂದು, ಜೊತೆಗೆ ಬಂದಿದ್ದ ಈಚೆಯ ತಲಾಠಿಗೆ ಬರೆಯಲು ಹೇಳಿದರು. ತಲಾಠಿ ಇಂಥವರ ಹೆಂಡತಿ ಎಂದು ಬರೆಯತೊಡಗಿದಾಗ ಅತ್ತೆ ತಡೆದಳು. "ನಮಗೂ ಹೆಸರು ಅದಾವ್ರಿ." ಮಾಮಲೇದಾರರು ತಲೆ ಅಲ್ಲಾಡಿಸಿ, "ಖರೇ. ಹೆಸರ ಬರೀರಿ" ಎಂದರು. ಆರು ಹೆಸರು ಸರ್ಕಾರದ ಕಾಗದಕ್ಕೆ ಏರಿದವು. ಅದರ ನಕಲನ್ನು ಅತ್ತೆ ಜ್ವಾಳದ ಗಡಿಗೆಯಲ್ಲಿ ಇಟ್ಟಳು.

ಮೂರು ಬ್ಯಾಸಗಿ ನಮ್ಮ ರಾಜ್ಯ ನಡೆಯಿತು. ನಾಲ್ಕನೆಯ ಮಳೆಗಾಲದ ಪೂರಕ್ಕೆ ಗಡ್ಡೆ ಕರಗಿ ಹೋಯಿತು. ನೀರು ಇಳಿದಾಗ ಅಲ್ಲಿ ಬರೀ ಹೊಳೆ. ನೆರೆಮನೆಯಾಕೆ ದಂಡೆಯ ಮೇಲೆ ಕೂತು ಅತ್ತಳು. ಅತ್ತೆ ಅವಳನ್ನು ಎಬ್ಬಿಸಿ, ನಮ್ಮೆಲ್ಲರನ್ನೂ ಕರೆದುಕೊಂಡು ದಂಡೆಯ ಹೊಲದ ಒಡೆಯರ ಮನೆಗೆ ನಡೆದಳು. ಗಡಿಗೆಯ ಕಾಗದ ತೋರಿಸಿ, "ಆರು ಮಂದಿ ಕೂಡಿ ಮಾಡತೇವಿ, ಪಾಲಿಗೆ ಕೊಡ್ರಿ" ಎಂದಳು. ಹೆಂಗಸರ ಕೈಗೆ ಹೊಲವೇ ಎಂದು ಅವರು ಎಂಟು ದಿನ ತಡೆದರು. ಆಮೇಲೆ ಕೊಟ್ಟರು.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ದಿನ ಸಾಲಿಯಲ್ಲಿ ಪೇಢೆ ಹಂಚಿದರು. ಅತ್ತೆ ಪೇಢೆ ತಿನ್ನುತ್ತ ಕೇಳಿದಳು: "ಈ ಹೊಸಾ ರಾಜ್ಯದ ಕಾಯ್ದೆ ಎಲ್ಲಿ ಬರದಿರತಾರ?"

"ಪುಸ್ತಕದಾಗ, ಅತ್ತಿ."

"ಹಂಗಾರ ನನಗ ಓದಾಕ ಕಲಸು."

ಹೊಲದ ಬದುವಿನ ಮೇಲೆ ಕೂತು ಪಾಟಿ ಬಳಪ ಹಿಡಿದಳು. ಒತ್ತಕ್ಷರ ಬಂದಾಗಲೆಲ್ಲ ಅಕ್ಷರಕ್ಕೇ ಬೈಯುತ್ತಿದ್ದಳು. ಯುಗಾದಿಯ ಹೊತ್ತಿಗೆ ಕೂಡಿಸಿ ಓದುವಷ್ಟಾದಳು. ಆ ತಿಂಗಳು ನನ್ನ ತವರಿನಿಂದ ಇಬ್ಬರೂ ಹೊರಟಿದ್ದೆವು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಬಿಡಿಸಿಕೊಂಡು ಬಸ್ಸಿನ ಮುಂದೆ ನಿಂತು, ಬೋರ್ಡಿನ ಕಡೆ ಬೆರಳು ತೋರಿಸುತ್ತ, "ನ...ರ...ಗುಂ...ದ" ಎಂದು ಓದಿದಳು. ನಾವು ಇಳಿಯಬೇಕಾದದ್ದು ರೋಣದಲ್ಲಿ. ರೋಣ ಬಂದಾಗ ಅವಳು ಜಾಗ ಬಿಟ್ಟು ಏಳಲಿಲ್ಲ.

"ಬೋರ್ಡಿನಾಗ ನರಗುಂದ ಅಂತ ನಾನ ಓದೇನಿ. ಅಲ್ಲೀತನಕ ಹೋಗೂದ."

ಇಬ್ಬರೂ ನರಗುಂದದ ತನಕ ಹೋದೆವು. ಗುಡ್ಡ ನೋಡಿ, ಚಹಾ ಕುಡಿದು, ದಾರಿಯುದ್ದಕ್ಕೂ ಇದ್ದಬದ್ದ ಬೋರ್ಡನ್ನೆಲ್ಲ ಓದುತ್ತ ತಿರುಗಿ ಬಂದೆವು.