ಎರಡು ಪದವಿಯ ಸೀಟು

ಇಂಟರ್, ಅಂದರೆ ಈ ತೆಲುಗು ಸೀಮೆಯ ಪಿಯುಸಿ, ಮುಗಿಸಿದ ವರ್ಷ, ಜೂನ್ ಕೊನೆಯ ಒಂದು ಶುಕ್ರವಾರ ನನಗೆ ಸೀಟು ಸಿಕ್ಕಿತು. ಐದು ವರ್ಷದ ಓದು, ಎರಡು ಪದವಿ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಖಾತ್ರಿ. ಮೊದಲ ವರ್ಷ ಒಳ್ಳೆಯ ಅಂಕ ತೆಗೆದರೆ ಅದರ ಜೊತೆಗೇ ಎಂಜಿನಿಯರಿಂಗ್‌ನ ಒಂದು ವಿಭಾಗವನ್ನೂ ಆರಿಸಿಕೊಳ್ಳಬಹುದು. ಸೋಮವಾರ ಸಂಜೆ ಐದರೊಳಗೆ ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಸೀಟು ಮುಂದಿನವರಿಗೆ.

ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಅಪ್ಪ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ರಾಯಚೂರಿನಲ್ಲಿ ಡಿಪ್ಲೊಮಾ ಮುಗಿಸಿ ಇಲ್ಲಿನ ಒಂದು ರಕ್ಷಣಾ ಕಾರ್ಖಾನೆಗೆ ಸೇರಿದವರು ಅವರು. ತಮಗಿಂತ ಚಿಕ್ಕ ವಯಸ್ಸಿನ ಎಂಜಿನಿಯರುಗಳಿಗೆ ‘ಸರ್’ ಎನ್ನುತ್ತಲೇ ಅವರ ಕೂದಲು ಹಣ್ಣಾಗಿತ್ತು.

“ಎರಡೂ ಕೈಯಾಗ ಲಾಡು ಅಂದ್ರ ಇದ ನೋಡು,” ಎಂದು ಅವ್ವನಿಗೆ ಹೇಳಿದರು. “ಆಕಿಗೆ ಸೈನ್ಸ್ ಬೇಕಿತ್ತು, ನನಗ ಎಂಜಿನಿಯರಿಂಗ್ ಬೇಕಿತ್ತು. ದೇವರು ಇಬ್ಬರ ಮಾತೂ ಕೇಳಿದ.”

ನಿಜ. ಇದರ ಮೇಲೆ ನಾವಿಬ್ಬರೂ ಎರಡು ವರ್ಷ ಜಗಳವಾಡಿದ್ದೆವು. ಈಗ ಬೇಡ ಎನ್ನಲು ನನ್ನ ಹತ್ತಿರ ಒಂದೇ ಕಾರಣ ಉಳಿದಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ನನಗೆ ಓದಲು ಬರುತ್ತಿರಲಿಲ್ಲ.

ಅಕ್ಷರ ಕಾಣುತ್ತಿತ್ತು, ಪದ ಗೊತ್ತಾಗುತ್ತಿತ್ತು. ಆದರೆ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಲ್ಲಿ ಏನಿತ್ತೆಂಬುದು ಹೋಗಿಬಿಡುತ್ತಿತ್ತು. ಮತ್ತೆ ಮೊದಲಿಂದ. ಮತ್ತೆ ಮೊದಲಿಂದ. ಕೋಚಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಎರಡನೆಯ ವರ್ಷದ ಸಂಕ್ರಾಂತಿ ಕಳೆದ ಮೇಲೆ ಶುರುವಾದದ್ದು ಅದು. ನಿದ್ದೆ ಸಾಲದ್ದಕ್ಕೆ ಹೀಗೆ, ಪರೀಕ್ಷೆ ಮುಗಿದರೆ ಸರಿಹೋಗುತ್ತದೆ ಅಂದುಕೊಂಡೆ. ಮೊದಲ ಸಲ ಪ್ರವೇಶ ಪರೀಕ್ಷೆ ಬರೆದಾಗ ಹೇಗೋ ದಾಟಿದೆ; ಸಾವಿರ ಸಲ ಮಾಡಿದ ಲೆಕ್ಕಗಳು ಕೈಗೆ ನೆನಪಿದ್ದವು. ಅಂಕ ಹೆಚ್ಚಿಸಿಕೊಳ್ಳಲೆಂದು ಎರಡನೆಯ ಸಲ ಹೋದಾಗ ಪರದೆಯ ಮೇಲಿನ ಐದನೇ ಪ್ರಶ್ನೆಯನ್ನು ನೋಡುತ್ತಲೇ ಹೊತ್ತೆಲ್ಲ ಕಳೆದೆ. ಮೊದಲ ಸಲದ ಅಂಕವೇ ಉಳಿದು, ಅದಕ್ಕೆ ಈ ಸೀಟು ಬಂದಿತ್ತು.

ಶನಿವಾರ ಅಪ್ಪ ಮೊದಲ ವರ್ಷದ ಪಠ್ಯಕ್ರಮವನ್ನು ಪ್ರಿಂಟ್ ಮಾಡಿಸಿಕೊಂಡು ಬಂದರು. ಮೂಲೆಗೆ ಸ್ಟೇಪಲ್ ಹೊಡೆದು, ನನ್ನ ಪಕ್ಕ ಕುಳಿತು, ಒಂದು ಸಾಲಿನ ಕೆಳಗೆ ಬೆರಳಿಟ್ಟರು.

“ಇದು ಏನವಾ? ನಮ್ಮ ಡಿಪ್ಲೊಮಾದಾಗ ಇದಿಲ್ಲ. ಸ್ವಲ್ಪ ತಿಳಿಸಿ ಹೇಳು.”

ನಾನು ಆ ಸಾಲನ್ನು ನೋಡಿದೆ. ಮೂರು ಸಲ ನೋಡಿದೆ. ಆಮೇಲೆ ಬಾಯಿಗೆ ಬಂದದ್ದು ಹೇಳಿದೆ. ಅಣು, ಶಕ್ತಿ, ಉಷ್ಣ ಎಂದೆಲ್ಲ ಸೇರಿಸಿ ಒಂದು ಸುಳ್ಳು ಪಾಠ. ಅಪ್ಪ ತಲೆಯಾಡಿಸುತ್ತಾ ಕೇಳಿದರು. ಕೊನೆಗೆ ಜೇಬಿನಿಂದ ಪೆನ್ನು ತೆಗೆದು, ಅಂಚಿನಲ್ಲಿ ತಮ್ಮ ಗುಂಡಗಿನ ಕನ್ನಡ ಅಕ್ಷರದಲ್ಲಿ ನಾನು ಹೇಳಿದ್ದನ್ನು ಬರೆದುಕೊಂಡರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಸಾಯಬೇಕು ಅನ್ನಿಸಿತೆಂದರೆ ಸುಳ್ಳಾಗುತ್ತದೆ. ನಾಳೆ ಎಂಬುದು ಬರಬಾರದು ಅನ್ನಿಸಿತು.

ಭಾನುವಾರ ಅವ್ವ ಹಾಸ್ಟೆಲಿಗೆಂದು ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದಳು. “ಅವ್ವಾ, ಬ್ಯಾಡ ಅಂದ್ರ ಏನಾಗತೈತಿ?” ಎಂದು ಕೇಳಿದೆ.

“ಏನು ಬ್ಯಾಡ? ಚಟ್ನಿನಾ?”

“ಸೀಟು.”

ಅವಳ ಕೈ ನಿಂತಿತು. “ನಿಮ್ಮಪ್ಪನ ಮಾರಿ ನೋಡೀಯಿಲ್ಲೋ? ಎಷ್ಟು ದಿನ ಆಗಿತ್ತು ಹಂಗ ನಕ್ಕು. ಸುಮ್ಮನ ಹೆದರಬ್ಯಾಡ. ಹೋದ ಮ್ಯಾಲೆ ಎಲ್ಲಾ ರೂಢಿ ಆಗತೈತಿ.” ಮತ್ತೆ ಕುಟ್ಟಲು ಶುರುಮಾಡಿದಳು.

ಸೋಮವಾರ ಬೆಳಿಗ್ಗೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಟೀಚರಿಗೆ ಸುದ್ದಿ ಹೇಳಿ ಬರುತ್ತೇನೆಂದು ಹೊರಟೆ. ಅವರು ಧಾರವಾಡದ ಕಡೆಯವರು, ನಿವೃತ್ತರಾದ ಮೇಲೆ ತಾರ್ನಾಕದಲ್ಲಿ ಒಬ್ಬರೇ ಇದ್ದರು. ಅಮೀರ್‌ಪೇಟೆಯಲ್ಲಿ ಮೆಟ್ರೊ ಬದಲಾಯಿಸಿ ಹೋದೆ. ದಾರಿಯುದ್ದಕ್ಕೂ ಕೇಳಬೇಕಾದ ಪ್ರಶ್ನೆಯನ್ನು ಜೋಡಿಸಿಕೊಂಡೆ: ಬರೀ ವಿಜ್ಞಾನ ಓದುವುದೋ, ಎರಡನ್ನೂ ಸೇರಿಸಿ ಓದುವುದೋ? ಎರಡನ್ನೂ ಸೇರಿಸಿದ ಈ ಸೀಟು ಬೇಡ ಎಂದು ಅವರೇ ಹೇಳಿಬಿಟ್ಟರೆ ನಾನು ಬದುಕಿದೆ.

ಟೀಚರ್ ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡರು. “ಭಾಳ ಚಲೋ ಆತು. ಎರಡರ ಭಾರ ಹೊರುವ ಹುಡುಗಿ ನೀ,” ಎಂದು, ಅಲ್ಲೇ ಬಿದ್ದಿದ್ದ ಹೈಸ್ಕೂಲ್ ಪುಸ್ತಕವೊಂದನ್ನು ನನ್ನ ಕೈಗಿತ್ತರು. “ಕನ್ನಡಕ ಎಲ್ಲಿಟ್ಟೀನೋ ಏನೋ. ಈ ಪ್ಯಾರಾ ಒಂದಿಷ್ಟು ಓದಿ, ಏನಂತ ಹೇಳವಾ. ಬಾಜೂ ಮನಿ ಹುಡುಗಿಗೆ ಸಂಜಿಗೆ ಹೇಳಬೇಕು.”

ಬೆಳಕಿನ ವಕ್ರೀಭವನದ ಪಾಠ. ಒಂಬತ್ತನೇ ಇಯತ್ತೆಯಲ್ಲಿದ್ದಾಗಲೇ ಮೇಲಿನ ತರಗತಿಯ ಈ ಪಾಠವನ್ನು ಇದೇ ಟೀಚರ್ ಮುಂದೆ ನಾನು ಒಪ್ಪಿಸಿದ್ದೆ. ಗಟ್ಟಿಯಾಗಿ ಓದಿದೆ, ತಪ್ಪಿಲ್ಲದೆ ಓದಿದೆ. ಮುಗಿಸಿದ ಮೇಲೆ ಬಾಯಿ ತೆರೆದೆ. ಹೇಳಲು ಏನೂ ಇರಲಿಲ್ಲ. ಮತ್ತೊಮ್ಮೆ ಓದಿದೆ. ಪುಸ್ತಕ ಕೆಳಗಿಡಲು ಹೋಗಿ, ಚಹಾದ ಲೋಟ ತಾಗಿ ಪುಟದ ಮೇಲೆ ಚೆಲ್ಲಿತು.

“ತಲ್ಯಾಗ ಹೋಗವಲ್ದು ಟೀಚರ್,” ಎಂದೆ. “ಆರು ತಿಂಗಳಾತ್ರಿ. ಒಂದೂ ಹೋಗವಲ್ದು.”

ಅವರು ಪುಸ್ತಕ ತೆಗೆದುಕೊಂಡು ಸೆರಗಿನಿಂದ ಒರೆಸಿದರು. ನಂತರ, “ನೀ ಯಾವ ಡಿಗ್ರಿ ಅಂತ ಕೇಳಾಕ ಬಂದಿಲ್ಲ. ನಿನಗ ಆರಾಮಿಲ್ಲ ತಂಗಿ. ಮನ್ಯಾಗ ಗೊತ್ತೈತೇನು?” ಎಂದರು.

“ಇಲ್ರಿ.”

“ನಾ ಫೋನ್ ಮಾಡ್ಲಿ?”

“ಬ್ಯಾಡ್ರಿ. ನಾನ ಹೇಳತೀನಿ.”

ಅಮೀರ್‌ಪೇಟೆ ಸ್ಟೇಷನ್ನಿನಲ್ಲಿ ರೈಲುಗಳನ್ನು ಬಿಟ್ಟು ಬಿಟ್ಟು ಕುಳಿತಿದ್ದು, ಮನೆ ಮುಟ್ಟಿದಾಗ ನಾಲ್ಕು ದಾಟಿತ್ತು. ಅಪ್ಪ ಅರ್ಧ ದಿನ ರಜೆ ಹಾಕಿ ಬಂದು, ಲ್ಯಾಪ್‌ಟಾಪ್ ತೆರೆದು ಕುಳಿತಿದ್ದರು. “ಬಾ ಬಾ, ನಿನ್ನ ಕೈಲೇ ಒತ್ತಬೇಕಂತ ಕಾಯಾಕತ್ತೀನಿ,” ಎಂದರು. ನಾನು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಹೇಳಿದೆ. ಎಲ್ಲವನ್ನೂ ಹೇಳಿದೆ.

ಅಪ್ಪನಿಗೆ ಅರ್ಥವಾಗಲಿಲ್ಲ. “ಓದಾಕ ಬರಂಗಿಲ್ಲ ಅಂದ್ರ? ಮೊನ್ನೆ ನನಗ ಅಷ್ಟು ಚಂದ ತಿಳಿಸಿ ಹೇಳಿದೀ?”

“ಅದು ಸುಳ್ಳು ಅಪ್ಪಾ. ಬಾಯಿಗೆ ಬಂದಿದ್ದು ಹೇಳಿದೆ.”

ಅವರು ಆ ಕಾಗದಗಳನ್ನು ಎತ್ತಿ ತಾವು ಬರೆದುಕೊಂಡದ್ದನ್ನು ನೋಡಿದರು. ಅವರ ಮುಖವನ್ನು ಆಗ ನಾನು ನೋಡಬಾರದಿತ್ತು. ಅವ್ವ ಅಡುಗೆಮನೆಯಿಂದ ಬಂದು ಗೋಡೆ ಹಿಡಿದು ನಿಂತಳು. ಅಪ್ಪನ ಧ್ವನಿ ಸಣ್ಣದಾಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವರು ಬೇಡಿಕೊಂಡರು.

“ಈಗ ಒಪ್ಪಿಗಿ ಕೊಟ್ಟಿಡೂಣು. ಡಾಕ್ಟರ್ ಕಡೆ ಹೋಗೂಣು. ಅಲ್ಲೀತನಕಾ ಆರಾಮ ಆಗತೈತಿ. ಒಂದ ಸಲ ಹೋತಂದ್ರ ಮತ್ತ ಬರಂಗಿಲ್ಲ ಮಗಳ. ನಾ ಕಂಡೀನಿ ಅದನ್ನ.”

“ಮೊದಲನೇ ವರ್ಷದ ಮಾರ್ಕ್ಸ್ ಮ್ಯಾಲೇ ಎಲ್ಲಾ ಅಪ್ಪಾ. ನಾ ಅಲ್ಲಿ ಹೋಗಿ ಪುಸ್ತಕ ಹಿಡಕೊಂಡು ಸುಳ್ಳ ಕುಂದರಬೇಕು. ನನ್ನ ಕೈಲೆ ಆಗಂಗಿಲ್ಲ.”

ಅವರು ಪರದೆಯ ಕಡೆ ತಿರುಗಿದರು. ಬಾಣದ ಗುರುತನ್ನು ಒಪ್ಪಿಗೆಯ ಗುಂಡಿಯ ಮೇಲೆ ತಂದು ನಿಲ್ಲಿಸಿದರು. ಪರದೆ ಮಂಕಾದಾಗಲೆಲ್ಲ ಬೆರಳು ಅಲ್ಲಾಡಿಸಿ ಬೆಳಗಿಸಿದರು, ಆದರೆ ಒತ್ತಲಿಲ್ಲ. ನಾನೂ ಒತ್ತಬೇಡಿ ಎನ್ನಲಿಲ್ಲ. ಒತ್ತಿದ್ದರೆ ಹೋಗಿಬಿಡುತ್ತಿದ್ದೆನೆಂದು ಈಗಲೂ ಅನ್ನಿಸುತ್ತದೆ. ಐದು ಗಂಟೆ ಕಳೆಯಿತು. ಪುಟದ ಮೇಲೆ ಅವಧಿ ಮುಗಿದಿದೆ ಎಂಬ ಸಾಲು ಬಂತು. ಅಪ್ಪ ಲ್ಯಾಪ್‌ಟಾಪ್ ಮುಚ್ಚಿ, ಒಗೆದ ಬಟ್ಟೆ ಹಾಕಿದ್ದ ಬಾಲ್ಕನಿಗೆ ಹೋಗಿ ನಿಂತರು. ಅವ್ವ ಪಿಸುಮಾತಿನಲ್ಲಿ, “ಒತ್ತಿದ್ರೋ ಇಲ್ಲೋ?” ಎಂದು ನನ್ನನ್ನು ಕೇಳಿದಳು.

ಸೆಪ್ಟೆಂಬರ್ ಬರುವವರೆಗೂ ಅಪ್ಪ ನನ್ನೊಡನೆ ಊಟ, ಔಷಧಿ ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ಡಾಕ್ಟರ ಹತ್ತಿರ ಪ್ರತಿ ಸಲ ಅವರೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಡಾಕ್ಟರು ಅದಕ್ಕೊಂದು ಹೆಸರು ಕೊಟ್ಟರು, ಮಾತ್ರೆ ಕೊಟ್ಟರು, ಆರು ತಿಂಗಳು ಪುಸ್ತಕ ಮುಟ್ಟಬೇಡ ಅಂದರು. ಮೆಟ್ಟಿಲ ಮೇಲೆ ಸಿಕ್ಕವರೆಲ್ಲ “ಸೀಟ್ ಏಮಯ್ಯಿಂದಿ?” ಎಂದು, ಸೀಟು ಏನಾಯಿತೆಂದು ತೆಲುಗಿನಲ್ಲಿ ಕೇಳುತ್ತಿದ್ದರು. ನಾನು ಹೊರಗೆ ಹೋಗುವುದನ್ನೇ ಬಿಟ್ಟೆ. ಆ ತಿಂಗಳುಗಳಲ್ಲಿ ನಾನು ಏನು ಮಾಡಿದೆನೆಂದು ಕೇಳಿದರೆ ಸೀಲಿಂಗ್ ಫ್ಯಾನು ಬಿಟ್ಟು ಬೇರೇನೂ ನೆನಪಿಲ್ಲ.

ಓದು ಒಂದೇ ದಿನ ಮರಳಿ ಬರಲಿಲ್ಲ. ಚಳಿಗಾಲದಲ್ಲಿ ಟೀಚರ್ ಫೋನಿನಲ್ಲಿ ದಿನಕ್ಕೆ ನಾಲ್ಕು ಸಾಲು ಓದಿಸುತ್ತಿದ್ದರು, ಅರ್ಥ ಕೇಳುತ್ತಿರಲಿಲ್ಲ. ಒಂದು ದಿನ ನಾನೇ, “ಟೀಚರ್, ಇದರಾಗ ಪ್ರಿಂಟ್ ತಪ್ಪೈತ್ರಿ,” ಎಂದೆ. ಆ ಕಡೆ ಫೋನು ಕೆಳಗಿಟ್ಟ ಸದ್ದು ಕೇಳಿತು. ಅತ್ತರೋ ಏನೋ.

ಮರುವರ್ಷ ಹತ್ತಿರದ ಕಾಲೇಜೊಂದರಲ್ಲಿ ಬರೀ ಬಿ.ಎಸ್ಸಿ.ಗೆ ಸೇರಿದೆ. ಅರ್ಜಿಯಲ್ಲಿ ತಂದೆಯ ಸಹಿ ಬೇಕಿತ್ತು. ಅಪ್ಪ ಅದನ್ನು ಎರಡು ಸಲ ಓದಿ, “ಮೂರ ವರ್ಷನಾ?” ಎಂದು ಕೇಳಿ, ಸಹಿ ಹಾಕಿದರು. ಆ ಪ್ರಶ್ನೆಯಲ್ಲಿ ಬೇಸರವಿತ್ತೋ ಸಮಾಧಾನವಿತ್ತೋ ನನಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.